ತಿಥಿ ನೋಡಿ ಟೆಂಟ್ ಹಾಕಿ: ಸೀವುಡ್ಸ್‌ನಿಂದ ಕೊಂಕಣದ ದಂಡೆಗೆ

ಚಳಿಗಾಲ ಕಾಲಿಟ್ಟಿತೆಂದರೆ ಸೀವುಡ್ಸ್, ನೆರೂಳ್, ಬೇಲಾಪುರದ ಸೊಸೈಟಿಗಳಲ್ಲಿ ಒಂದು ಆಸೆ ಮೊಳೆಯುತ್ತದೆ. ಹುಣ್ಣಿಮೆ ಬೀಳುವ ಶನಿವಾರ ಹುಡುಕಿ, ಮಕ್ಕಳನ್ನು ಕರೆದುಕೊಂಡು ಅಲಿಬಾಗ್ ಕಡೆಗೆ ಹೋಗಿ, ಸಮುದ್ರದ ಅಂಚಿನಲ್ಲಿ ಟೆಂಟ್ ಹಾಕಿ ಮಲಗುವ ಆಸೆ. ಆಸೆ ಒಳ್ಳೆಯದೇ, ಆರಿಸಿದ ದಿನ ಮಾತ್ರ ಸರಿಯಿಲ್ಲ. ಈ ದಂಡೆಯಲ್ಲಿ ಹುಣ್ಣಿಮೆಯ ಭರತ ಏರಿ ನಿಲ್ಲುವುದು ನಡುರಾತ್ರಿಯ ಹೊತ್ತಿಗೆ, ಎಲ್ಲರೂ ಗಾಢ ನಿದ್ದೆಯಲ್ಲಿರುವಾಗ. ಅದು ಆ ಹದಿನೈದು ದಿನಗಳ ಅತಿ ದೊಡ್ಡ ಭರತಗಳಲ್ಲಿ ಒಂದು. ಮುಂಬೈ ಸುತ್ತಲ ಕಡಲಲ್ಲಿ ಮಳೆಗಾಲದ ದೊಡ್ಡ ಭರತಗಳು ಹಗಲಿಗೆ ಬಂದರೆ, ಚಳಿಗಾಲದ ದೊಡ್ಡ ಭರತಗಳು ಸಾಮಾನ್ಯವಾಗಿ ರಾತ್ರಿಗೆ ಬರುತ್ತವೆ. ಟೆಂಟಿನ ಕಾಲ ಚಳಿಗಾಲವೇ ಆದ್ದರಿಂದ ಇದನ್ನು ಮೊದಲು ತಿಳಿದುಕೊಳ್ಳಬೇಕು.

ಊರು ಕುಂದಾಪುರ, ಉಡುಪಿ, ಹೊನ್ನಾವರ ಆಗಿರುವ ನಮ್ಮವರಿಗೆ ಕಡಲೆಂದರೆ ಹೊಸತಲ್ಲ ಎಂಬ ಧೈರ್ಯ ಇರುತ್ತದೆ. ಆದರೆ ಊರಿನ ಕಡಲಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮಂಗಳೂರಿನಲ್ಲಿ ಭರತಕ್ಕೂ ಇಳಿತಕ್ಕೂ ನಡುವಿನ ಅಂತರ ಸಾಮಾನ್ಯವಾಗಿ ಒಂದೂವರೆ ಮೀಟರ್ ದಾಟುವುದಿಲ್ಲ, ಕಾರವಾರದಲ್ಲಿ ಎರಡು ಮೀಟರಿನ ಆಸುಪಾಸು. ಮುಂಬೈ, ಅಲಿಬಾಗ್ ಕಡೆ ಹುಣ್ಣಿಮೆ ಅಮಾವಾಸ್ಯೆಗೆ ಅದೇ ಅಂತರ ನಾಲ್ಕು ಮೀಟರಿಗೂ ಮಿಕ್ಕಿ ಹೋಗುತ್ತದೆ. ಕಡಲಿನಡಿಯ ಭೂಖಂಡದ ಚಾಚು ದಕ್ಷಿಣದಲ್ಲಿ ಕಿರಿದಾಗಿದ್ದು, ಮುಂಬೈಯ ಎದುರಿಗೆ ನೂರಾರು ಕಿಲೋಮೀಟರ್ ಅಗಲಕ್ಕೆ ಹರಡಿಕೊಂಡಿರುವುದು ಇದಕ್ಕೆ ಕಾರಣ. ಆಳ ಕಡಿಮೆಯಾದಂತೆ ನೀರು ಮೇಲಕ್ಕೇರುತ್ತದೆ. ಇನ್ನೂ ಉತ್ತರಕ್ಕೆ ಖಂಭಾತ್ ಕೊಲ್ಲಿ ಲಾಳಿಕೆಯ ಹಾಗೆ ಕಿರಿದಾಗುವುದರಿಂದ ಭಾವನಗರದಲ್ಲಿ ಈ ಅಂತರ ಹತ್ತು ಮೀಟರಿನಷ್ಟಾಗುತ್ತದೆ. ನಾಲ್ಕು ಮೀಟರ್ ಎತ್ತರ ಎಂದಾಗ ದೊಡ್ಡದೇನೂ ಅನ್ನಿಸದು. ಆದರೆ ಈ ಕಡೆಯ ಹಲವು ದಂಡೆಗಳು ತೀರ ಸಪಾಟು. ಐವತ್ತು ಹೆಜ್ಜೆಗೆ ಒಂದು ಹೆಜ್ಜೆಯಷ್ಟು ಇಳಿಜಾರಿರುವ ದಂಡೆಯಲ್ಲಿ ನೀರು ನಾಲ್ಕು ಮೀಟರ್ ಏರಿದರೆ ಅಂಚು ಇನ್ನೂರು ಮೀಟರ್ ಒಳಕ್ಕೆ ಬಂದಿರುತ್ತದೆ. ಸಂಜೆ ಆರಕ್ಕೆ ಕಣ್ಣಿಗೆ ಅಷ್ಟು ದೂರ ಕಂಡ ಅಲೆ ರಾತ್ರಿ ಹನ್ನೆರಡಕ್ಕೆ ಟೆಂಟಿನ ಬಾಗಿಲಲ್ಲಿರುತ್ತದೆ.

ಲೆಕ್ಕ ಹಾಕುವುದು ಸುಲಭ. ಕೊಂಕಣದ ಮೀನುಗಾರರು ತಲೆಮಾರುಗಳಿಂದ ಬಳಸುತ್ತ ಬಂದ ಸೂತ್ರವೊಂದಿದೆ. ತಿಥಿಯನ್ನು ಮುಕ್ಕಾಲರಿಂದ ಗುಣಿಸಿದರೆ ಭರತ ತುಂಬುವ ಗಂಟೆ ಸಿಗುತ್ತದೆ. ಅಷ್ಟಮಿಗೆ ಎಂಟರ ಮುಕ್ಕಾಲು ಆರು, ಅಂದರೆ ಬೆಳಿಗ್ಗೆ ಮತ್ತು ಸಂಜೆ ಆರರ ಸುಮಾರಿಗೆ ಭರತ. ಏಕಾದಶಿಗೆ ಎಂಟೂಕಾಲು. ಹುಣ್ಣಿಮೆಗೆ ಹನ್ನೊಂದೂಕಾಲರಿಂದ ಹನ್ನೆರಡು. ಅದಕ್ಕೆ ಆರು ಗಂಟೆ ಸೇರಿಸಿದರೆ ಇಳಿತ. ಕೃಷ್ಣಪಕ್ಷದಲ್ಲಿ ಮತ್ತೆ ಪಾಡ್ಯದಿಂದ ಎಣಿಸಬೇಕು. ಭರತ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುವುದರಿಂದ ಈ ಮುಕ್ಕಾಲು ಗಂಟೆಯ ಸೂತ್ರ ಹೊಂದುತ್ತದೆ. ಇದು ಅಂದಾಜು, ಅರ್ಧ ಮುಕ್ಕಾಲು ಗಂಟೆ ಆಚೀಚೆ ಆಗಬಹುದು. ಹೊರಡುವ ಮುನ್ನ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ಭರತ-ಇಳಿತದ ವೇಳೆಯನ್ನೂ ದೊಡ್ಡ ಅಲೆಗಳ ಮುನ್ಸೂಚನೆಯನ್ನೂ ಒಮ್ಮೆ ನೋಡಿಕೊಳ್ಳಿ.

ಹಾಗಾದರೆ ಯಾವ ರಾತ್ರಿ ಒಳ್ಳೆಯದು? ನನ್ನ ಮಟ್ಟಿಗೆ ಮಾರ್ಗಶಿರ, ಪುಷ್ಯ, ಮಾಘದ ಶುಕ್ಲ ಸಪ್ತಮಿ ಅಥವಾ ಅಷ್ಟಮಿಗೆ ಸರಿಸಾಟಿ ಬೇರಿಲ್ಲ. ಆಗ ಭರತವೂ ಸಣ್ಣದು, ಇಳಿತವೂ ಸಣ್ಣದು. ಮರಾಠಿ ಮೀನುಗಾರರು ದೊಡ್ಡ ಭರತದ ದಿನಗಳನ್ನು ಉಧಾಣ ಎಂದೂ ಈ ಶಾಂತ ದಿನಗಳನ್ನು ಭಾಂಗ ಎಂದೂ ಕರೆಯುತ್ತಾರೆ. ಸಪ್ತಮಿಯ ಸಂಜೆ ಐದು ಐದೂವರೆಗೆ ನೀರು ಹತ್ತಿರ ಬಂದಿರುತ್ತದೆ, ಸೂರ್ಯಾಸ್ತದ ಹೊತ್ತಿಗೆ ಕಡಲು ತುಂಬಿ ಕಾಣುತ್ತದೆ. ಮಲಗುವ ಹೊತ್ತಿಗೆ ಹಿಂದೆ ಸರಿದು, ಹನ್ನೊಂದೂವರೆಗೆಲ್ಲ ಅತ್ಯಂತ ದೂರದಲ್ಲಿರುತ್ತದೆ. ಅರ್ಧಚಂದ್ರ ನಡುರಾತ್ರಿಯವರೆಗೆ ಬೆಳಕು ಕೊಟ್ಟು ಮುಳುಗುತ್ತಾನೆ, ಆಮೇಲೆ ನಕ್ಷತ್ರಗಳು. ಮುಂಬೈಯ ಬೆಳಕಿನಲ್ಲೇ ಬೆಳೆದ ಮಕ್ಕಳಿಗೆ ಆಕಾಶ ತೋರಿಸಲು ಇದಕ್ಕಿಂತ ಒಳ್ಳೆಯ ರಾತ್ರಿ ಇಲ್ಲ.

ಇನ್ನು ಜಾಗದ ಮಾತು. ಕ್ಯಾಲಿಫೋರ್ನಿಯಾದಲ್ಲೋ ಫ್ಲಾರಿಡಾದಲ್ಲೋ ಇರುವ ನಮ್ಮ ಮಕ್ಕಳು ಸಮುದ್ರದಂಡೆಯ ಸ್ಟೇಟ್ ಪಾರ್ಕ್‌ಗಳಲ್ಲಿ ಟೆಂಟ್ ಹಾಕಿದ ಫೋಟೋ ಕಳಿಸುತ್ತಾರೆ. ಅಲ್ಲಿ ಸರಕಾರ ಒಂದೊಂದು ಟೆಂಟಿಗೂ ನಂಬರು ಹಾಕಿದ ಜಾಗ, ನಲ್ಲಿ, ಶೌಚಾಲಯ, ಬೆಂಕಿ ಹಾಕಲು ಕಬ್ಬಿಣದ ಬಳೆ ಎಲ್ಲವನ್ನೂ ಕೊಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಆರು ತಿಂಗಳು ಮೊದಲೇ ಬುಕಿಂಗ್ ತೆರೆಯುತ್ತದೆ. ನಮ್ಮಲ್ಲಿ ಅಂಥ ವ್ಯವಸ್ಥೆ ಇಲ್ಲ. ಇಲ್ಲಿ ಟೆಂಟಿನ ರಾತ್ರಿ ಎಂದರೆ ಮುಖ್ಯವಾಗಿ ಎರಡು ದಾರಿ: ಅರಣ್ಯ ಇಲಾಖೆಯ ಜಾಗ, ಇಲ್ಲವೇ ಖಾಸಗಿಯವರ ವಾಡಿ. ಸಾರ್ವಜನಿಕ ದಂಡೆಯಲ್ಲಿ ನಾವೇ ಹೋಗಿ ಗೂಟ ಹೊಡೆಯುವುದನ್ನು ನಾನು ಯಾರಿಗೂ ಹೇಳುವುದಿಲ್ಲ. 1993ರ ಮುಂಬೈ ಬಾಂಬ್ ಸ್ಫೋಟಗಳಿಗೆ ಸ್ಫೋಟಕಗಳನ್ನು ಕದ್ದು ಇಳಿಸಿದ್ದು ಇದೇ ರಾಯಗಡ ಜಿಲ್ಲೆಯ ದಂಡೆಯಲ್ಲಿ. 2008ರ ಮುಂಬೈ ದಾಳಿಯ ನಂತರ ಕರಾವಳಿ ಪೊಲೀಸರ ಗಸ್ತು ಬಿಗಿಯಾಗಿದೆ. ರಾತ್ರಿ ಎರಡಕ್ಕೆ ಟಾರ್ಚು ಹಿಡಿದು ಬಂದು ಎಬ್ಬಿಸಿದರೆ ಅದು ಅವರ ಕೆಲಸ. ಎಲ್ಲರ ಗುರುತಿನ ಚೀಟಿ ಜೊತೆಗಿರಲಿ.

ಸೀವುಡ್ಸ್‌ನ ದಂಡೆಯಲ್ಲೇ ಯಾಕಾಗದು ಎಂದು ಮಕ್ಕಳು ಕೇಳುತ್ತಾರೆ. ಹೆಸರಿನಲ್ಲಿ ಸಮುದ್ರ ಇದ್ದರೂ ನಮ್ಮೆದುರಿಗಿರುವುದು ಖಾರಿ: ಹೊಯಿಗೆ ಇಲ್ಲ, ಕೆಸರು ಮತ್ತು ಕಾಂಡ್ಲಾ ಕಾಡು. ಬಾಂಬೆ ಹೈಕೋರ್ಟ್ 2018ರ ತೀರ್ಪಿನಲ್ಲಿ ಕಾಂಡ್ಲಾದ ಸುತ್ತ 50 ಮೀಟರ್ ಜಾಗವನ್ನೂ ಮುಟ್ಟುವಂತಿಲ್ಲ ಎಂದಿದೆ. ಡಿಪಿಎಸ್ ಕೆರೆ, ಎನ್‌ಆರ್‌ಐ ಕೆರೆಗಳಿಗೆ ಫ್ಲೆಮಿಂಗೋಗಳು ಬರುವುದು ಆ ಕೆಸರು ಹಾಗೇ ಉಳಿದಿರುವುದರಿಂದಲೇ. ಠಾಣೆ ಖಾರಿಯ ಫ್ಲೆಮಿಂಗೋ ಅಭಯಾರಣ್ಯ 2015ರಲ್ಲಿ ಘೋಷಣೆಯಾಗಿ 2022ರಲ್ಲಿ ರಾಮ್ಸಾರ್ ತಾಣವಾಯಿತು. ಅದನ್ನು ನೋಡಲು ಐರೋಲಿಯ ಕೇಂದ್ರದಿಂದ ದೋಣಿ ಇದೆ. ಮಲಗಲು ಮಾತ್ರ ದಕ್ಷಿಣಕ್ಕೆ ಹೋಗಬೇಕು.

ಅರಣ್ಯ ಇಲಾಖೆಯ ದಾರಿಯಲ್ಲಿ ನಮಗೆ ಹತ್ತಿರದ್ದು ಫಣಸಾಡ್ ಅಭಯಾರಣ್ಯ. ಅಲಿಬಾಗ್ ದಾಟಿ, ರೇವದಂಡಾ ದಾಟಿ, ಕಾಶಿದ್ ದಂಡೆಗೆ ಬೆನ್ನು ಕೊಟ್ಟು ನಿಂತ ಗುಡ್ಡಗಳ ಕಾಡು ಇದು. ಒಂದು ಕಾಲಕ್ಕೆ ಜಂಜಿರಾದ ಸಿದ್ದಿ ನವಾಬರ ಬೇಟೆಯ ಕಾಡಾಗಿತ್ತು, 1986ರಲ್ಲಿ ಅಭಯಾರಣ್ಯವಾಯಿತು. ಸುಪೇಗಾವ್ ಬಳಿ ಇಲಾಖೆಯ ಟೆಂಟುಗಳಿವೆ. ಇಲ್ಲಿ ಅಲೆಯ ಸದ್ದು ಕೇಳಿಸದು, ಬದಲಿಗೆ ಬೆಳಿಗ್ಗೆ ಕೆಂಜಳಿಲು ಮರದಿಂದ ಮರಕ್ಕೆ ಹಾರುವುದನ್ನು ಕಾಣಬಹುದು, ಅದೃಷ್ಟವಿದ್ದರೆ ರಣಹದ್ದನ್ನೂ. ಹಗಲು ಕಾಶಿದ್‌ನಲ್ಲಿ ಕಳೆದು ರಾತ್ರಿ ಕಾಡಿನೊಳಗೆ ಮಲಗುವುದು ಮಕ್ಕಳಿರುವ ಸಂಸಾರಕ್ಕೆ ತುಂಬ ಒಪ್ಪುವ ಏರ್ಪಾಡು, ಭರತದ ಚಿಂತೆಯೂ ಇಲ್ಲ. ಆದರೆ ಇದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಜಾಗ. ಅನುಮತಿಯಿಲ್ಲದೆ ಒಳಗೆ ಹೋಗುವಂತಿಲ್ಲ, ಬೆಂಕಿ ಹಾಕುವಂತಿಲ್ಲ. ಮೊದಲೇ ಇಲಾಖೆಗೆ ಫೋನ್ ಮಾಡಿ ಜಾಗ ಗೊತ್ತು ಮಾಡಿಕೊಂಡೇ ಹೊರಡಿ, ಬಾಗಿಲಿಗೆ ಹೋಗಿ ಕೇಳಿದರಾಯಿತು ಎಂದುಕೊಳ್ಳಬೇಡಿ.

ಹೆಚ್ಚಿನವರು ಹಿಡಿಯುವುದು ಎರಡನೆಯ ದಾರಿ. ಆಕ್ಷಿ, ನಾಗಾವ್, ರೇವದಂಡಾ, ಕಾಶಿದ್ ಸುತ್ತ ಅಡಿಕೆ ತೆಂಗಿನ ವಾಡಿಗಳಲ್ಲಿ ಸಾಲು ಟೆಂಟುಗಳನ್ನು ಹಾಕಿ ರಾತ್ರಿಗೆ ಇಷ್ಟೆಂದು ಬಾಡಿಗೆಗೆ ಕೊಡುತ್ತಾರೆ. ಊಟ ತಿಂಡಿ ಅವರದೇ. ವಾಡಿಯವರಿಗೆ ಫೋನ್ ಮಾಡಿದಾಗ ದರಕ್ಕಿಂತ ಮೊದಲು ಕೇಳಬೇಕಾದ ಮಾತುಗಳಿವೆ. ಟೆಂಟು ಇರುವುದು ವಾಡಿಯೊಳಗೋ, ಹೊಯಿಗೆಯ ಮೇಲೋ? ಒಟ್ಟು ಎಷ್ಟು ಟೆಂಟು, ಅದಕ್ಕೆ ಎಷ್ಟು ಶೌಚಾಲಯ? ರಾತ್ರಿ ಎಷ್ಟು ಗಂಟೆಗೆ ಹಾಡು ನಿಲ್ಲಿಸುತ್ತಾರೆ? ಈ ಕೊನೆಯ ಪ್ರಶ್ನೆಯೇ ಮುಖ್ಯ. ಶನಿವಾರ ರಾತ್ರಿ ಎರಡರವರೆಗೆ ಡಿಜೆ ಹಾಕುವ ಜಾಗಗಳಿವೆ, ಚಿಕ್ಕ ಮಕ್ಕಳನ್ನೂ ವಯಸ್ಸಾದ ಅತ್ತೆ ಮಾವಂದಿರನ್ನೂ ಕರೆದುಕೊಂಡು ಹೋದವರು ಪಡುವ ಪಾಡು ಹೇಳತೀರದು. ಸಾಧ್ಯವಾದರೆ ಭಾನುವಾರ ಹೋಗಿ ಸೋಮವಾರ ಒಂದು ರಜೆ ಹಾಕಿ. ಅಂಗಳದಲ್ಲಿ ಟೆಂಟ್, ಬೇಕೆಂದರೆ ಮನೆಯೊಳಗೊಂದು ಕೋಣೆ ಎರಡನ್ನೂ ಕೊಡುವ ಹಳ್ಳಿಮನೆಗಳೂ ಇವೆ. ಮಹಾರಾಷ್ಟ್ರ ಪ್ರವಾಸೋದ್ಯಮದ ನಿವಾಸ್ ನ್ಯಾಹಾರಿ ಯೋಜನೆಯಲ್ಲಿ ನೋಂದಾಯಿಸಿದ ಮನೆಯಾದರೆ ಇನ್ನಷ್ಟು ಭರವಸೆ. ಮೊದಲ ಸಲದವರಿಗೆ ನಾನು ಹೇಳುವುದು ಇದನ್ನೇ.

ಹೋಗುವುದು ಹೇಗೆ? ಕಾರಿದ್ದವರು ಪನ್ವೇಲ್, ಪೇಣ್, ವಡಖಳ್ ಮೂಲಕ ಹೋಗುತ್ತಾರೆ. ಶನಿವಾರ ಬೆಳಿಗ್ಗೆ ವಡಖಳ್ ದಾಟುವುದೇ ಸಾಹಸ. ನಮ್ಮ ಸ್ಟೇಷನ್ನಿಂದಲೇ ಇನ್ನೊಂದು ದಾರಿ ಇದೆ, ಬಹಳ ಮಂದಿಗೆ ಗೊತ್ತಿಲ್ಲ. ಸೀವುಡ್ಸ್-ದಾರಾವೆಯಿಂದ ಉರಣ್ ಲೋಕಲ್ ಹಿಡಿಯಿರಿ. ಖಾರಕೋಪರ್‌ವರೆಗೆ 2018ರಲ್ಲಿ ಶುರುವಾದ ಈ ಮಾರ್ಗ 2024ರ ಜನವರಿಯಲ್ಲಿ ಉರಣ್ ಮುಟ್ಟಿತು. ಅಲ್ಲಿಂದ ರಿಕ್ಷಾದಲ್ಲಿ ಕರಂಜಾ ಬಂದರು, ಕರಂಜಾದಿಂದ ಲಾಂಚಿನಲ್ಲಿ ಖಾರಿ ದಾಟಿದರೆ ರೇವಸ್, ರೇವಸ್‌ನಿಂದ ಎಸ್‌ಟಿ ಬಸ್ಸು ಅಥವಾ ಶೇರ್ ರಿಕ್ಷಾದಲ್ಲಿ ಅಲಿಬಾಗ್. ಬೆನ್ನಿಗೊಂದು ಚೀಲ ಹಾಕಿಕೊಂಡು ಹೊರಟವರಿಗೆ ಇದು ಸೊಗಸಾದ ಪಯಣ. ಮರಳುವ ದಿನ ಕೊನೆಯ ಲಾಂಚಿನ ಹೊತ್ತನ್ನು ಮೊದಲೇ ಕೇಳಿಟ್ಟುಕೊಳ್ಳಿ. ದಕ್ಷಿಣ ಮುಂಬೈಯಿಂದಾದರೆ ಗೇಟ್‌ವೇಯಿಂದ ಮಾಂಡವಾಕ್ಕೆ ಬೋಟು, ಭಾವುಚಾ ಧಕ್ಕಾದಿಂದ 2020ರಲ್ಲಿ ಶುರುವಾದ ಕಾರು ಸಾಗಿಸುವ ರೋ-ರೋ ಹಡಗು.

ಕಾಲ ಯಾವುದು ಎಂಬುದಕ್ಕೆ ಚೌಕಾಶಿ ಇಲ್ಲ: ನವೆಂಬರ್ ನಡುವಿನಿಂದ ಫೆಬ್ರುವರಿ ಕೊನೆಯವರೆಗೆ. ಜನವರಿಯ ರಾತ್ರಿ ಅಲಿಬಾಗಿನಲ್ಲಿ ಉಷ್ಣತೆ 17–18 ಡಿಗ್ರಿಗೆ ಇಳಿಯುತ್ತದೆ. ಮೇ ತಿಂಗಳಲ್ಲಿ ರಾತ್ರಿಯಲ್ಲೂ 26–27ಕ್ಕಿಂತ ಕೆಳಗಿಳಿಯದೆ, ಗಾಳಿಯಲ್ಲಿನ ತೇವ ಸೇರಿ, ನೈಲಾನ್ ಬಟ್ಟೆಯೊಳಗಿನ ಸೆಕೆ ಅಸಹನೀಯವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಕಡಲಿನ ಹತ್ತಿರ ಮಲಗುವ ಮಾತೇ ಬೇಡ. ಆಗಸ್ಟಿನಲ್ಲಿ ಮುಂಬೈ ದಂಡೆಗಳಿಗೆ ಕುಟುಕುವ ನೀಲಿ ಅಂಬಲಿಮೀನುಗಳೂ ಬಂದು ಬೀಳುತ್ತವೆ.

ಸ್ವಂತ ಟೆಂಟ್ ಕೊಳ್ಳುವವರು ಚಳಿದೇಶದ ಮುಚ್ಚಿದ ಟೆಂಟ್ ತರಬಾರದು. ಒಳಪದರ ಪೂರ್ತಿ ಸೊಳ್ಳೆಪರದೆಯ ಬಲೆ, ಅದರ ಮೇಲೆ ಬೇಕಾದಾಗ ಹಾಕಿ ತೆಗೆಯಬಹುದಾದ ಹೊದಿಕೆ, ಎದುರುಬದುರು ಎರಡು ಬಾಗಿಲು, ಇಷ್ಟಿರಬೇಕು. ಕಾರಣ ಗಾಳಿಯ ನಡೆ. ಹಗಲು ನೆಲ ಬೇಗ ಕಾಯುವುದರಿಂದ ಮಧ್ಯಾಹ್ನದಿಂದ ಸಂಜೆಯವರೆಗೆ ಗಾಳಿ ಕಡಲಿನಿಂದ ಬೀಸುತ್ತದೆ. ರಾತ್ರಿ ನೆಲ ಬೇಗ ತಣಿದು, ನಡುರಾತ್ರಿಯ ಮೇಲೆ ಗುಡ್ಡದ ಕಡೆಯಿಂದ ಕಡಲಿನತ್ತ ಮೆಲ್ಲಗೆ ತಿರುಗುತ್ತದೆ. ನಡುವೆ ಗಾಳಿಯೇ ಇಲ್ಲದ ಒಂದೆರಡು ಗಂಟೆ ಇರುತ್ತದೆ, ಸೊಳ್ಳೆ ನುಸಿಗಳು ಏಳುವುದು ಆಗಲೇ. ಬಾಗಿಲುಗಳನ್ನು ಪೂರ್ವ ಪಶ್ಚಿಮಕ್ಕೆ ಹಾಕಿದರೆ ಎರಡೂ ಗಾಳಿಗಳು ಒಳಗೆ ಹಾಯುತ್ತವೆ. ಬಿಗಿಯಾದ ಹಗ್ಗಗಳು ಪಶ್ಚಿಮದ ಕಡೆಗಿರಲಿ, ಸಂಜೆಯ ಗಾಳಿಯ ಜೋರು ಅಲ್ಲಿಂದಲೇ. ಸಾಮಾನ್ಯ ಗೂಟ ಹೊಯಿಗೆಯಲ್ಲಿ ನಿಲ್ಲುವುದಿಲ್ಲ. ಬಟ್ಟೆಯ ಚೀಲಕ್ಕೆ ಹೊಯಿಗೆ ತುಂಬಿ, ಬಾಯಿಗೆ ಹಗ್ಗ ಕಟ್ಟಿ, ಮೊಳದಷ್ಟು ಆಳಕ್ಕೆ ಹೂತರೆ ಎಂಥ ಗಾಳಿಗೂ ಅಲ್ಲಾಡದು. ಹಳೆಯ ತಲೆದಿಂಬಿನ ಚೀಲ ಸಾಕು.

ಸೆಕೆಯ ಊರೆಂದು ಮೇಲಿನ ಹೊದಿಕೆಯನ್ನು ತೆಗೆದಿಟ್ಟು ಮಲಗುವವರಿದ್ದಾರೆ. ಡಿಸೆಂಬರ್ ಜನವರಿಯಲ್ಲಿ ಇಲ್ಲಿನ ಇಬ್ಬನಿ ಸಣ್ಣ ಮಳೆಯಷ್ಟೇ ನೆನೆಸುತ್ತದೆ. ಹನ್ನೊಂದರ ಹೊತ್ತಿಗೆ ಹೊದಿಕೆ ಹಾಕಿ, ಆದರೆ ಪೂರ್ತಿ ಮುಚ್ಚಬೇಡಿ. ನಾಲ್ಕು ಜನರ ಉಸಿರಿನ ತೇವ ಒಳಗೇ ನಿಂತರೆ ಬೆಳಗಿನ ಜಾವ ಒಳಗಿಂದಲೇ ಹನಿ ಬೀಳುತ್ತದೆ.

ಇನ್ನೊಂದು ಮಾತು, ಊರಿನವರಿಗೆ ಹೇಳಬೇಕಾಗಿಲ್ಲ, ಇಲ್ಲೇ ಹುಟ್ಟಿದ ಮಕ್ಕಳಿಗೆ ಹೇಳಬೇಕು: ತೆಂಗಿನ ಮರದಡಿ ಟೆಂಟ್ ಹಾಕಬಾರದು. ವಾಡಿಗಳಲ್ಲಿ ನೆರಳಿಗೆಂದು ಅಲ್ಲೇ ಹಾಕಿಟ್ಟಿರುತ್ತಾರೆ. ಬೇರೆ ಜಾಗ ಕೊಡಿ ಎಂದು ಕೇಳಲು ಸಂಕೋಚ ಬೇಡ. ಗಾಳಿಮರದ ತೋಪಿನಲ್ಲಾದರೆ ಒಣಗಿದ ಕೊಂಬೆಗಳನ್ನು ಮೊದಲು ತಲೆಯೆತ್ತಿ ನೋಡಿ.

ನೀರು ತಲೆಗೆ ದಿನಕ್ಕೆ ನಾಲ್ಕು ಲೀಟರಿಗೆ ಕಡಿಮೆ ಇರಬಾರದು. ಕಡಲಿಗೆ ಹತ್ತಿರದ ಬಾವಿ, ಬೋರ್‌ವೆಲ್ ನೀರಿಗೆ ಉಪ್ಪಿನ ಅಂಶ ಸೇರಿರುತ್ತದೆ, ಕೈಕಾಲು ತೊಳೆಯಲಷ್ಟೇ ಸರಿ. ಊಟಕ್ಕೆ ನಮ್ಮ ಗಂಜಿಗಿಂತ ಒಳ್ಳೆಯದಿಲ್ಲ. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಹುರುಳಿ ಚಟ್ನಿ ಇದ್ದರೆ ಬೆವರಿನಲ್ಲಿ ಹೋದ ನೀರೂ ಉಪ್ಪೂ ಎರಡೂ ತುಂಬುತ್ತವೆ. ಮಧ್ಯಾಹ್ನಕ್ಕೆ ಬುತ್ತಿಯಲ್ಲಿ ಚಿತ್ರಾನ್ನವೋ ಅವಲಕ್ಕಿಯೋ ಸಾಕು. ತೆಂಗಿನಕಾಯಿ ಹಾಕಿದ ಪಲ್ಯ ಸಂಜೆಯೊಳಗೆ ಹಳಸುತ್ತದೆ. ಪುನರ್ಪುಳಿ ಶರಬತ್ತಿನ ಬಾಟಲಿ ಒಂದಿರಲಿ.

ಕಡಲಿಗಿಳಿಯುವ ವಿಷಯದಲ್ಲಿ ನಾನು ಸಡಿಲ ಬಿಡಲಾರೆ. 2016ರ ಫೆಬ್ರುವರಿ 1ರಂದು ಮುರುಡ್ ದಂಡೆಯಲ್ಲಿ ಪುಣೆಯ 14 ಕಾಲೇಜು ವಿದ್ಯಾರ್ಥಿಗಳು ನೀರುಪಾಲಾದರು. 2024ರ ಡಿಸೆಂಬರ್‌ನಲ್ಲಿ ನಮ್ಮ ಮುರುಡೇಶ್ವರದಲ್ಲಿ ಪ್ರವಾಸಕ್ಕೆ ಬಂದ ನಾಲ್ವರು ಶಾಲಾ ಬಾಲಕಿಯರು ಹೋದರು. ಎರಡೂ ಮಳೆಗಾಲದಲ್ಲಲ್ಲ, ಕಡಲು ಶಾಂತವಾಗಿ ಕಾಣುವ ತಿಂಗಳುಗಳಲ್ಲಿ. ಇಳಿತದ ಹೊತ್ತಿನಲ್ಲಿ ನೀರು ಹಿಂದೆ ಸರಿಯುವಾಗ ಸೆಳೆತ ಹೆಚ್ಚು. ಕಾಶಿದ್‌ನಂಥ ದಂಡೆಯಲ್ಲಿ ನಾಲ್ಕು ಹೆಜ್ಜೆಗೇ ಆಳ ಸಿಗಬಹುದು. ಮೊಣಕಾಲಿಗಿಂತ ಮೇಲಕ್ಕೆ ನೀರು ಬರುವಲ್ಲಿಗೆ ಮಕ್ಕಳನ್ನು ಬಿಡಬೇಡಿ, ಕತ್ತಲಾದ ಮೇಲೆ ದೊಡ್ಡವರೂ ಇಳಿಯಬೇಡಿ. ಸೆಳೆತಕ್ಕೆ ಸಿಕ್ಕವರು ದಂಡೆಯ ಕಡೆಗೇ ಈಜಿ ದಣಿಯದೆ, ದಂಡೆಗೆ ಸಮಾನಾಂತರವಾಗಿ ಬದಿಗೆ ಈಜಿ ಹೊರಬರಬೇಕು. ತುರ್ತಿಗೆ 112, ಆಂಬುಲೆನ್ಸಿಗೆ 108, ಕಡಲಿನ ರಕ್ಷಣೆಗೆ ಕೋಸ್ಟ್ ಗಾರ್ಡಿನ 1554.

ಅಲಿಬಾಗಿನ ಕೊಲಾಬಾ ಕೋಟೆಗೆ ಇಳಿತದಲ್ಲಿ ನಡೆದೇ ಹೋಗುವ ರೂಢಿ ಇದೆ. ಶಿವಾಜಿ ಕಟ್ಟಿಸಲು ತೊಡಗಿದ ಕಡಲಕೋಟೆ ಅದು, ನೋಡಲೇಬೇಕು. ಆದರೆ ಅಷ್ಟಮಿಯ ದಿನ ಇಳಿತ ನಡುಹಗಲಿಗೆ ಬಂದರೂ ನೀರು ಪೂರ್ತಿ ಸರಿಯದಿರಬಹುದು, ಕುದುರೆ ಗಾಡಿ ಹಿಡಿಯಿರಿ. ಮರಳುವ ಹೊತ್ತನ್ನು ದಂಡೆಯವರ ಬಾಯಿಂದ ಕೇಳಿಕೊಂಡೇ ಕೋಟೆಯೊಳಗೆ ಹೋಗಿ.

ಕ್ರಿಸ್‌ಮಸ್ ರಜೆಗೆ ಪನ್ವೇಲಿನಿಂದ ಮತ್ಸ್ಯಗಂಧಾ ರೈಲು ಹತ್ತಿ ಊರಿಗೆ ಹೋಗುವವರು ಅದೇ ಟೆಂಟನ್ನು ಕೊಂಡೊಯ್ಯಬಹುದು. ಅಲ್ಲಿ ಭರತ ಸಣ್ಣದು, ಆದರೆ ಹಲವೆಡೆ ದಂಡೆ ಕಿರಿದು, ಕೊರೆತದಿಂದ ಕಡಿದು. ಗೋಕರ್ಣ ಆ ವಾರ ಜನರಿಂದ ತುಂಬಿರುತ್ತದೆ. ನೆಂಟರ ತೋಟದ ಅಂಚಿನಲ್ಲಿ, ಕಡಲು ಕಾಣುವಲ್ಲಿ ಟೆಂಟ್ ಹಾಕುವುದು ಎಲ್ಲಕ್ಕಿಂತ ಮೇಲು. ಹೊನ್ನಾವರದ ಕಾಸರಕೋಡು ಮತ್ತು ಪಡುಬಿದ್ರಿ ದಂಡೆಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿದೆ. ಅವು ಹಗಲಿನ ಜಾಗಗಳು, ಸ್ನಾನಕ್ಕೆ, ಮಕ್ಕಳ ಆಟಕ್ಕೆ ಚೆನ್ನ.

ಬೆಂಕಿಯ ಬಗ್ಗೆ ಕೇಳಿಕೊಳ್ಳುವುದೊಂದಿದೆ. ಟೆಂಟ್ ಎಂದರೆ ಕ್ಯಾಂಪ್‌ಫೈರ್ ಬೇಕೇಬೇಕು ಎಂಬ ಹಟ ಬಿಡಿ. ಹೊಯಿಗೆ ಮುಚ್ಚಿದ ಕೆಂಡ ಗಂಟೆಗಟ್ಟಲೆ ಬಿಸಿ ಹಿಡಿದಿರುತ್ತದೆ, ಬೆಳಿಗ್ಗೆ ಬರಿಗಾಲಲ್ಲಿ ಓಡುವ ಮಗುವಿಗೆ ಅದು ಕಾಣುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ ಆಮೆಗಳು. ನಾವು ಟೆಂಟ್ ಹಾಕುವ ತಿಂಗಳುಗಳೇ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡಲು ದಂಡೆಗೆ ಬರುವ ತಿಂಗಳುಗಳು. ರಾಯಗಡದ ಹರಿಹರೇಶ್ವರ, ರತ್ನಾಗಿರಿಯ ವೇಳಾಸ್‌ನಿಂದ ಹಿಡಿದು ನಮ್ಮ ಹೊನ್ನಾವರ, ಕುಂದಾಪುರದವರೆಗೂ ಅವು ಬರುತ್ತವೆ. ವೇಳಾಸ್‌ನಲ್ಲಿ ಊರಿನವರೇ ಮೊಟ್ಟೆ ಕಾದು, ಮರಿಗಳನ್ನು ಕಡಲಿಗೆ ಬಿಡುವುದನ್ನು ನೋಡಲು ಬಂದವರಿಗೆ ತಮ್ಮ ಮನೆಗಳಲ್ಲೇ ಇಳಿದುಕೊಳ್ಳಲು ಜಾಗ ಕೊಡುತ್ತಾರೆ. ದಂಡೆಯಲ್ಲಿ ಬೆಂಕಿ, ಜೋರು ಲೈಟು ಇದ್ದರೆ ತಾಯಿ ಆಮೆ ಮೊಟ್ಟೆಯಿಡದೆ ಹಿಂದಿರುಗುತ್ತದೆ. ಮರಿಗಳು ಕಡಲಿನ ಹೊಳಪೆಂದು ತಿಳಿದು ಬೆಳಕಿನತ್ತ ತೆವಳಿ ಸಾಯುತ್ತವೆ. ಟಾರ್ಚನ್ನು ಕೆಂಪು ಕಾಗದದಿಂದ ಸುತ್ತಿ, ನೆಲಕ್ಕೆ ಹಿಡಿದು ನಡೆಯಿರಿ. ಹೊಯಿಗೆಯಲ್ಲಿ ಟ್ರ್ಯಾಕ್ಟರ್ ಚಕ್ರದಂಥ ಗುರುತು ಕಂಡರೆ ಅದನ್ನು ಅಳಿಸಬೇಡಿ, ಅಗೆಯಬೇಡಿ, ಫೋಟೋಕ್ಕೆಂದು ಸುತ್ತುಗಟ್ಟಬೇಡಿ. ಅಲ್ಲಿಂದ ದೂರ ಸರಿದು ಅರಣ್ಯ ಇಲಾಖೆಗೋ ಊರಿನ ಮೀನುಗಾರರಿಗೋ ಒಂದು ಮಾತು ತಿಳಿಸಿ.